ಜಮಖಂಡಿಯ ಗ್ರಹಣ ಮತ್ತು ಕೋಷ್ಟಕದ ಕೊನೆಯ ಕಂಬಸಾಲು

ಎರಡು ವರ್ಷಗಳ ಹಿಂದೆ ನಮ್ಮ ಶಾಲೆಯ ವಿಜ್ಞಾನ ದಿನಾಚರಣೆಗೆ ಹಳೆಯ ವಿದ್ಯಾರ್ಥಿಯೆಂದು ನನ್ನನ್ನು ಕರೆದಿದ್ದರು. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ರಸಾಯನಶಾಸ್ತ್ರಕ್ಕೂ ನನಗೂ ಪಿಯುಸಿಯ ಆಚೆಗೆ ನಂಟಿಲ್ಲ. ಆದರೂ ಮಕ್ಕಳಿಗೆ ಹುರುಪು ಬರಲಿ ಎಂದು, ಅಲ್ಲಿ ಇಲ್ಲಿ ಓದಿದ್ದನ್ನು ನೆನಪಿಸಿಕೊಂಡು, ‘ಹೀಲಿಯಂ ಎಂಬ ಧಾತುವನ್ನು ಜಗತ್ತಿನಲ್ಲಿ ಮೊದಲು ಕಂಡುಹಿಡಿದದ್ದು ನಮ್ಮ ಜಮಖಂಡಿಯಲ್ಲಿ’ ಎಂದುಬಿಟ್ಟೆ. ಚಪ್ಪಾಳೆ ಬಿದ್ದವು. ಊರಿನ ಹಿರಿಯರೊಬ್ಬರು ತಲೆದೂಗಿದರು. ನನಗೂ ಒಳಗೊಳಗೆ ಖುಷಿಯಾಯಿತು.

ಕಾರ್ಯಕ್ರಮ ಮುಗಿದ ಮೇಲೆ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಬಂದು, ‘ಸರ್, ಅವರು ಅದನ್ನ ಹೊಸಾ ಧಾತು ಅಂತ ಬರದಾರೇನ್ರಿ?’ ಎಂದು ಕೇಳಿದಳು. ‘ಹೌದವಾ, ಬರದಾರ’ ಎಂದೆ. ಅವಳು ತಲೆ ಅಲ್ಲಾಡಿಸಿ ಹೋದಳು. ಬಸ್ಸಿನಲ್ಲಿ ಕುಳಿತ ಮೇಲೆ, ಅವರು ಏನು ಬರೆದಿದ್ದಾರೆಂದು ನಾನು ನೋಡಿಯೇ ಇಲ್ಲವಲ್ಲ ಎಂಬುದು ಹೊಳೆಯಿತು. ನೋಡಿದ ಮೇಲೆ ಗೊತ್ತಾಯಿತು, ನಾನು ಹೇಳಿದ್ದು ತಪ್ಪು. ವೇದಿಕೆಯ ಮೇಲೆ ನಿಂತು ಎಲ್ಲರೆದುರು ಹೇಳಿದ ತಪ್ಪನ್ನು ಎಲ್ಲರೆದುರೇ ತಿದ್ದಬೇಕು. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗುರುಗಳು ಹೇಳಿದಾಗ ನನಗೆ ಬೇರೆ ವಿಷಯ ಹೊಳೆಯಲಿಲ್ಲ.

ನಮ್ಮ ಕಾಲದಲ್ಲಿ ಪ್ರಯೋಗಾಲಯದ ಗೋಡೆಯ ಮೇಲೆ ಧಾತುಗಳ ಆವರ್ತ ಕೋಷ್ಟಕದ ಬಟ್ಟೆಯ ಪಟವೊಂದು ತೂಗುತ್ತಿತ್ತು. ಅದರ ಬಲಗಡೆಯ ತುದಿ ಕಪಾಟಿನ ಹಿಂದೆ ಸೇರಿಕೊಂಡಿತ್ತು. ಫ್ಲೋರಿನ್, ಕ್ಲೋರಿನ್‌ವರೆಗೆ ಕಾಣುತ್ತಿತ್ತು, ಅದರಾಚೆಗಿನ ಕಂಬಸಾಲು ಕಾಣುತ್ತಿರಲಿಲ್ಲ. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಪರೀಕ್ಷೆಗೆ ಮಾತ್ರ ‘ರಾಜಾನಿಲಗಳು ಎಂದರೇನು?’ ಎಂಬ ಪ್ರಶ್ನೆ ಬರುತ್ತಿತ್ತು, ‘ಬೇರೆ ಧಾತುಗಳೊಂದಿಗೆ ಸುಲಭವಾಗಿ ವರ್ತಿಸದ ಅನಿಲಗಳು’ ಎಂದು ಬರೆದರೆ ಅಂಕ ಸಿಗುತ್ತಿತ್ತು. ಈ ಲೇಖನ ಕಪಾಟಿನ ಹಿಂದಿದ್ದ ಆ ಕಂಬಸಾಲಿನ ಕಥೆ.

ಆವರ್ತ ಕೋಷ್ಟಕ ಎಂದರೇನು ಎಂದು ನಮ್ಮೂರಿನ ಹಿರಿಯರಿಗೆ ಹೇಳಬೇಕಾದರೆ ಕನ್ನಡ ಶಾಲೆಯ ವರ್ಣಮಾಲೆಯ ಪಟವನ್ನು ನೆನಪಿಸಿಕೊಂಡರೆ ಸಾಕು. ಕ ಖ ಗ ಘ ಙ ಒಂದು ಅಡ್ಡಸಾಲು, ಅದರ ಕೆಳಗೆ ಚ ಛ ಜ ಝ ಞ. ಹೀಗೆ ಐದು ಸಾಲು. ಮೇಲಿನಿಂದ ಕೆಳಕ್ಕೆ ಓದಿದರೆ ಕ ಚ ಟ ತ ಪ ಒಂದೇ ಜಾತಿಯವು, ಖ ಛ ಠ ಥ ಫ ಎಲ್ಲವೂ ಮಹಾಪ್ರಾಣ, ಕೊನೆಯ ಕಂಬಸಾಲಿನ ಙ ಞ ಣ ನ ಮ ಎಲ್ಲವೂ ಮೂಗಿನಿಂದ ಬರುವ ಅನುನಾಸಿಕಗಳು. ಅಕ್ಷರ ನಿಂತ ಜಾಗ ನೋಡಿದರೆ ಅದರ ಸ್ವಭಾವ ಗೊತ್ತಾಗುತ್ತದೆ. ರಷ್ಯಾದ ದ್ಮಿತ್ರಿ ಮೆಂಡಲೀವ್ 1869ರಲ್ಲಿ ಆಗ ಗೊತ್ತಿದ್ದ ಅರವತ್ತಮೂರು ಧಾತುಗಳನ್ನು ಅವುಗಳ ಪರಮಾಣು ತೂಕದ ಏರಿಕೆಯಲ್ಲಿ ಜೋಡಿಸಿ, ಒಂದೇ ಸ್ವಭಾವದವು ಒಂದೇ ಸಾಲಿಗೆ ಬರುವಂತೆ ಮಾಡಿದ್ದು ಇದೇ ಬಗೆಯ ಕೆಲಸ.

ಅವನ ಹೆಚ್ಚುಗಾರಿಕೆ ಇದ್ದದ್ದು ಜೋಡಿಸಿದ್ದರಲ್ಲಿ ಅಷ್ಟಲ್ಲ, ಖಾಲಿ ಬಿಟ್ಟಿದ್ದರಲ್ಲಿ. ವರ್ಣಮಾಲೆಯ ಪಟದಲ್ಲಿ ಢ ಅಕ್ಷರ ಅಳಿಸಿಹೋಗಿದ್ದರೆ, ಅದು ಡ ಆದ ಮೇಲೆ ಬರಬೇಕು, ಮಹಾಪ್ರಾಣ ಇರಬೇಕು ಎಂದು ಸುತ್ತಲಿನ ಅಕ್ಷರ ನೋಡಿಯೇ ಹೇಳಬಹುದು. ಹಾಗೆಯೇ ಅಲ್ಯೂಮಿನಿಯಂ ಕೆಳಗೆ, ಬೋರಾನ್ ಕೆಳಗೆ, ಸಿಲಿಕಾನ್ ಕೆಳಗೆ ಇನ್ನೂ ಸಿಗದ ಧಾತುಗಳಿವೆ ಎಂದು ಅವನು ಹೇಳಿದ. ಅವಕ್ಕೆ ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು ಹೆಸರಿಟ್ಟ. ಈ ‘ಏಕ’ ನಮ್ಮ ಏಕ, ದ್ವಿ, ತ್ರಿಯ ಏಕವೇ. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕು ಮೂರೂ ಮನೆಗಳು ತುಂಬಿದವು. ಪಾಣಿನಿಯ ವ್ಯಾಕರಣದ ಪ್ರಭಾವದಿಂದ ಅವನು ಸಂಸ್ಕೃತದ ಪದ ಬಳಸಿರಬಹುದು ಎಂದು ವಿದ್ವಾಂಸರು ಊಹಿಸಿದ್ದುಂಟು. ಊಹೆ ಚೆನ್ನಾಗಿದೆ. ಒಮ್ಮೆ ಕೈ ಸುಟ್ಟುಕೊಂಡ ನಾನು ಅದನ್ನು ಊಹೆ ಎಂದಷ್ಟೇ ಹೇಳಿ ಬಿಡುತ್ತೇನೆ.

ಇನ್ನು ಜಮಖಂಡಿಗೆ ಬರೋಣ. ಧಾರವಾಡದಿಂದ ಸವದತ್ತಿ, ಲೋಕಾಪುರ, ಮುಧೋಳ ಹಾಯ್ದು ಹೋದರೆ ಮೂರು-ನಾಲ್ಕು ತಾಸಿನ ದಾರಿ. ಆಗ ಅದು ಪಟವರ್ಧನರ ಸಂಸ್ಥಾನ. 1868ರ ಆಗಸ್ಟ್ 18ರಂದು ಬೆಳಿಗ್ಗೆ ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಪಶ್ಚಿಮ ಕರಾವಳಿಯಿಂದ ಒಳಬಂದು ಜಮಖಂಡಿ, ವಿಜಾಪುರದ ಮೇಲೆ ಹಾದು, ಗುಂಟೂರು, ಮಚಲಿಪಟ್ಟಣದ ಮೂಲಕ ಬಂಗಾಳ ಕೊಲ್ಲಿಗೆ ಇಳಿಯಿತು. ಸೂರ್ಯ ಐದು ನಿಮಿಷಕ್ಕೂ ಹೆಚ್ಚು ಹೊತ್ತು ಪೂರ್ತಿ ಮುಚ್ಚಿಹೋಗುವ ಇಂಥ ಗ್ರಹಣ ಅಪರೂಪ. ಅದನ್ನು ನೋಡಲು ಯುರೋಪಿನಿಂದ ಹಡಗು ಹತ್ತಿ ಬಂದವರಿದ್ದರು.

ಗ್ರಹಣ ಎಂದರೆ ನಮ್ಮ ಕಡೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ. 1980ರ ಫೆಬ್ರುವರಿ 16ರಂದು ಹುಬ್ಬಳ್ಳಿಯ ಮೇಲೆಯೇ ಖಗ್ರಾಸ ಗ್ರಹಣ ಹಾದುಹೋಯಿತು. ನಮ್ಮ ಶಾಲೆ ಆಗಿನ್ನೂ ಹೊಸದು. ನಾನು ಹುಟ್ಟಿರಲಿಲ್ಲ. ‘ಗ್ರಹಣ ಬಿಡೂತನಕಾ ಬಾಗಲಾ ತಗೀಲಿಲ್ಲಪಾ, ಎಮ್ಮಿಗೂ ನೀರ ಕುಡಿಸಲಿಲ್ಲ’ ಎಂದು ಅಜ್ಜಿ ಹೇಳುತ್ತಿದ್ದಳು. ಮಧ್ಯಾಹ್ನ ಕತ್ತಲಾಗಿ, ಹಕ್ಕಿಗಳು ಗೂಡಿಗೆ ಹೋದವಂತೆ. ಆಕೆಗೆ ಅದು ಕಿಟಕಿಯ ಸಂದಿಯಲ್ಲಿ ಕಂಡಷ್ಟೇ. 1868ರಲ್ಲಿ ಜಮಖಂಡಿಯ ಜನ ಏನು ಮಾಡಿರಬಹುದೆಂದು ಊಹಿಸಲು ನನಗೆ ಅಜ್ಜಿಯ ಮಾತೇ ಸಾಕು.

ಜಮಖಂಡಿಯಲ್ಲಿ ದೂರದರ್ಶಕ ಹೂಡಿಕೊಂಡು ಕುಳಿತಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷಲ್‌ನ ಮೊಮ್ಮಗ, ಪ್ರಸಿದ್ಧ ಖಗೋಳಜ್ಞ ಸರ್ ಜಾನ್ ಹರ್ಷಲ್‌ನ ಮಗ. ಭಾರತವನ್ನು ಅಳೆಯುತ್ತಿದ್ದ ತ್ರಿಕೋನಮಿತಿ ಸರ್ವೇಯಲ್ಲಿ ಕೆಲಸ, ವಯಸ್ಸು ಮೂವತ್ತು. ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಉಪಕರಣ ಕಳಿಸಿಕೊಟ್ಟಿತ್ತು. ವಿಜಾಪುರದಲ್ಲಿ ಸರ್ವೇಯ ಇನ್ನೊಬ್ಬ ಅಧಿಕಾರಿ ಹೇಗ್ ಎಂಬಾತ ಕೈಯಲ್ಲಿ ಹಿಡಿಯುವ ಚಿಕ್ಕ ಉಪಕರಣ ಇಟ್ಟುಕೊಂಡಿದ್ದ. ಗುಂಟೂರಿನಲ್ಲಿ ಫ್ರಾನ್ಸಿನ ಪಿಯರ್ ಜಾನ್ಸೆನ್ ಮತ್ತು ಬ್ರಿಟಿಷ್ ಸೇನೆಯ ಮೇಜರ್ ಟೆನೆಂಟ್, ಮಚಲಿಪಟ್ಟಣದಲ್ಲಿ ಮದ್ರಾಸು ವೀಕ್ಷಣಾಲಯದ ಪಾಗ್ಸನ್.

ಎಲ್ಲರ ಕೈಯಲ್ಲಿದ್ದ ಮುಖ್ಯ ಉಪಕರಣ ರೋಹಿತದರ್ಶಕ. ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ತೋರಿಸುವ ಯಂತ್ರ. ಉಪ್ಪು ಹಾಕಿದ ಸಾರು ಉಕ್ಕಿ ಗ್ಯಾಸಿನ ಉರಿಯ ಮೇಲೆ ಬಿದ್ದರೆ ನೀಲಿ ಉರಿ ಥಟ್ಟನೆ ಹಳದಿಯಾಗುತ್ತದೆ, ಎಲ್ಲ ತಾಯಂದಿರೂ ನೋಡಿದ್ದಾರೆ. ಆ ಹಳದಿ ಉಪ್ಪಿನಲ್ಲಿರುವ ಸೋಡಿಯಂನದು. ಎಲ್‌ಇಡಿ ಬರುವ ಮೊದಲು ಹುಬ್ಬಳ್ಳಿ-ಧಾರವಾಡ ರಸ್ತೆಯ ಬೀದಿದೀಪಗಳ ಹಳದಿಯೂ ಅದೇ. ಬಿಸಿಯಾದ ಅನಿಲರೂಪದ ಪ್ರತಿ ಧಾತುವೂ ತನ್ನದೇ ಬಣ್ಣದ ಗೆರೆಗಳನ್ನು ಕೊಡುತ್ತದೆ, ಒಂದರ ಗೆರೆಗಳ ಸಾಲು ಇನ್ನೊಂದಕ್ಕಿಲ್ಲ ಎಂದು ಜರ್ಮನಿಯ ಕಿರ್ಕಾಫ್ ಮತ್ತು ಬುನ್ಸೆನ್ 1859-60ರಲ್ಲಿ ತೋರಿಸಿದ್ದರು. ನಮ್ಮ ಪ್ರಯೋಗಾಲಯದ ಬುನ್ಸೆನ್ ದೀಪದ ಬುನ್ಸೆನ್ ಇವನೇ. ಈ ಉಪಾಯದಿಂದಲೇ ಅವರು ಸೀಸಿಯಂ, ರುಬಿಡಿಯಂ ಎಂಬ ಎರಡು ಹೊಸ ಧಾತುಗಳನ್ನು ಕಂಡುಹಿಡಿದರು.

ಗ್ರಹಣದ ಹೊತ್ತಿನಲ್ಲಿ ಸೂರ್ಯನ ಅಂಚಿನಲ್ಲಿ ಕೆಂಪು ನಾಲಗೆಗಳು ಚಾಚಿಕೊಂಡಂತೆ ಕಾಣುತ್ತವೆ. ಅವು ಏನು? ಉರಿಯುವ ಮೋಡವೋ, ಅನಿಲವೋ? ಅಂದಿನ ಪ್ರಶ್ನೆ ಇಷ್ಟೇ. ಹೊಸ ಧಾತು ಹುಡುಕಲು ಯಾರೂ ಬಂದಿರಲಿಲ್ಲ.

ಮಳೆಗಾಲ. ಜಮಖಂಡಿಯ ಆಕಾಶದಲ್ಲಿ ಮೋಡ. ವರ್ಷಗಟ್ಟಲೆ ತಯಾರಿಯ ಕೆಲಸ ಐದು ನಿಮಿಷದಲ್ಲಿ ನೀರಪಾಲಾಗುವ ಹಾಗಿತ್ತು. ಮೋಡಗಳ ನಡುವೆ ಸಂದಿ ಸಿಕ್ಕಾಗ ಹರ್ಷಲ್ ಕೆಂಪು ನಾಲಗೆಯೊಂದರ ಮೇಲೆ ಯಂತ್ರವನ್ನು ಹಿಡಿದ. ಕಂಡದ್ದು ಮೂರು ಪ್ರಖರ ಗೆರೆ. ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ನಡುವೆ ಕಾಮನಬಿಲ್ಲಿನ ಹರವು ಇಲ್ಲ. ಅಂದರೆ ಅದು ಉರಿಯುವ ಅನಿಲ. ಪ್ರಶ್ನೆಗೆ ಉತ್ತರ ಸಿಕ್ಕಿತು. ವಿಜಾಪುರದ ಹೇಗ್‌ಗೂ ಕೆಂಪು ಮತ್ತು ಹೊಂಬಣ್ಣದ ಎರಡು ಪಟ್ಟಿಗಳು ಕಂಡವು. ಕೆಂಪು, ನೀಲಿ ಜಲಜನಕದ ಗೆರೆಗಳು.

ಆ ಕಿತ್ತಳೆ ಗೆರೆಯೇ ಹೀಲಿಯಂ. ಜಮಖಂಡಿಯ ನೆಲದ ಮೇಲೆ ನಿಂತು ಮನುಷ್ಯನ ಕಣ್ಣು ಅದನ್ನು ನೋಡಿದ್ದು ಸುಳ್ಳಲ್ಲ. ಆದರೆ ಹರ್ಷಲ್ ತನ್ನ ವರದಿಯಲ್ಲಿ ಬರೆದದ್ದು ಬೇರೆ. ಕಿತ್ತಳೆ ಗೆರೆ ಸೋಡಿಯಂನ ‘ಡಿ’ ಗೆರೆಯೇ, ತನ್ನ ಉಪಕರಣ ಹೇಳಬಲ್ಲ ಮಟ್ಟಿಗೆ ಅದರಲ್ಲಿ ಅನುಮಾನವಿಲ್ಲ ಎಂದು. ನನ್ನನ್ನು ಪ್ರಶ್ನೆ ಕೇಳಿದ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ ಇದು. ಇಲ್ಲವಾ, ಅವರು ಹೊಸಾ ಧಾತು ಅಂತ ಬರೆದಿಲ್ಲ.

ಅವನನ್ನು ಹಳಿಯುವ ಹಾಗಿಲ್ಲ. ಕಣ್ಣಿಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೊಮೀಟರ್‌ವರೆಗೆ ಹರಡಿಕೊಂಡಿದೆ. ಅದನ್ನು ಮೂರು ಮೀಟರ್ ಉದ್ದದ ಕರಿಹಲಗೆಯ ಮೇಲೆ ಬಿಡಿಸಿದರೆ, ಸೋಡಿಯಂನ ಎರಡು ಗೆರೆಗಳು 189 ಸೆಂಟಿಮೀಟರ್ ಹತ್ತಿರ ಬೀಳುತ್ತವೆ, ಹೀಲಿಯಂನ ಗೆರೆ 187.6ಕ್ಕೆ. ನಡುವಿನ ಅಂತರ ಹೆಬ್ಬೆರಳಿನ ಅಗಲ. ಮೋಡ ಸರಿಯುವ ಗಡಿಬಿಡಿಯಲ್ಲಿ, ಕತ್ತಲಲ್ಲಿ, ಅದನ್ನು ಹಿಡಿಯುವುದು ಹುಡುಗಾಟವಲ್ಲ. ‘ತನ್ನ ಉಪಕರಣ ಹೇಳಬಲ್ಲ ಮಟ್ಟಿಗೆ’ ಎಂಬ ಮಾತನ್ನು ಅವನು ಸೇರಿಸಿದ್ದು ನನಗೆ ಬಹಳ ಹಿಡಿಸಿತು. ನಾನು ವೇದಿಕೆಯ ಮೇಲೆ ಅಂಥ ಮಾತೊಂದನ್ನೂ ಸೇರಿಸಿರಲಿಲ್ಲ.

ಗುಂಟೂರಿನ ಜಾನ್ಸೆನ್ ಇನ್ನೊಂದು ದೊಡ್ಡ ಕೆಲಸ ಮಾಡಿದ. ಗೆರೆಗಳು ಎಷ್ಟು ಪ್ರಖರವಾಗಿದ್ದವೆಂದರೆ, ಇವನ್ನು ನೋಡಲು ಗ್ರಹಣವೇ ಬೇಕಿಲ್ಲ ಎಂದು ಅವನಿಗೆ ಹೊಳೆಯಿತು. ಮರುದಿನ ಹಾಡುಹಗಲಲ್ಲಿ ಅವುಗಳನ್ನು ನೋಡಿ ತೋರಿಸಿದ. ಅದೇ ಅಕ್ಟೋಬರ್ 20ರಂದು ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಎಂಬಾತ, ಜಾನ್ಸೆನ್‌ನ ಸುದ್ದಿ ಗೊತ್ತಿಲ್ಲದೆಯೇ, ಗ್ರಹಣವಿಲ್ಲದ ಸೂರ್ಯನಲ್ಲಿ ಇವೇ ಗೆರೆಗಳನ್ನು ಕಂಡ. ಲಾಕ್ಯರ್ ಯುದ್ಧ ಇಲಾಖೆಯ ಗುಮಾಸ್ತ. ಕಚೇರಿ ಕೆಲಸ ಮುಗಿಸಿ ಬಂದು ದೂರದರ್ಶಕ ಹಿಡಿಯುತ್ತಿದ್ದವನು. ಇಬ್ಬರ ಪತ್ರಗಳನ್ನೂ ಪ್ಯಾರಿಸ್ಸಿನ ಅಕಾಡೆಮಿಯಲ್ಲಿ ಒಂದೇ ಸಭೆಯಲ್ಲಿ ಓದಲಾಯಿತು. ಫ್ರಾನ್ಸ್ ಇಬ್ಬರ ಮುಖವನ್ನೂ ಅಚ್ಚೊತ್ತಿದ ಪದಕ ಹೊರಡಿಸಿತು.

ಹಳದಿ ಗೆರೆ ಸೋಡಿಯಂನದಲ್ಲ ಎಂದು ಗಟ್ಟಿಯಾಗಿ ಹಿಡಿದವನು ಲಾಕ್ಯರ್. ಐದು ನಿಮಿಷದ ಗಡುವು ಅವನಿಗಿರಲಿಲ್ಲ. ಬಿಸಿಲಿದ್ದ ದಿನವೆಲ್ಲ ಮತ್ತೆ ಮತ್ತೆ ಅಳೆಯಬಹುದಿತ್ತು. ಗೆರೆ ಪ್ರತಿ ಸಲ ಹೆಬ್ಬೆರಳಿನ ಅಗಲ ಆಚೆಯೇ ಬೀಳುತ್ತಿತ್ತು. ರಸಾಯನಜ್ಞ ಫ್ರಾಂಕ್‌ಲ್ಯಾಂಡ್ ಜೊತೆ ಸೇರಿ, ಅದು ಜಲಜನಕದ್ದೇ ಇರಬಹುದೇ ಎಂದು ಪರೀಕ್ಷೆ ಮಾಡಿ ನೋಡಿದ. ಅಲ್ಲ. ಕೊನೆಗೆ ಭೂಮಿಯ ಮೇಲೆ ಸಿಗದ ಧಾತುವೊಂದು ಸೂರ್ಯನಲ್ಲಿದೆ ಎಂದು, ಗ್ರೀಕರ ಸೂರ್ಯ ಹೀಲಿಯೋಸ್‌ನ ಹೆಸರಿನಿಂದ ಹೀಲಿಯಂ ಎಂದು ಕರೆದರು. ಅದು ಲೋಹವಿರಬೇಕೆಂದು ನಂಬಿದ್ದರಿಂದ ಸೋಡಿಯಂ, ಪೊಟ್ಯಾಸಿಯಂಗಳಂತೆ ‘ಇಯಂ’ ಎಂದು ಮುಗಿಸಿದರು. ಅದರ ಬಳಗದ ಉಳಿದವರೆಲ್ಲ ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್. ಹೀಲಿಯಂ ಒಂದೇ ತಪ್ಪು ಅಡ್ಡಹೆಸರು ಹೊತ್ತುಕೊಂಡು ಇಂದಿಗೂ ಕುಳಿತಿದೆ.

ಇಲ್ಲೊಂದು ಮಾತು. ಮಹಾರಾಷ್ಟ್ರದ ಕರಾವಳಿಯ ವಿಜಯದುರ್ಗ ಕೋಟೆಯ ಮೇಲೆ ನಿಂತು ಲಾಕ್ಯರ್ 1868ರಲ್ಲಿ ಹೀಲಿಯಂ ಕಂಡುಹಿಡಿದ ಎಂಬ ಮಾತು ಬಹಳ ಚಾಲ್ತಿಯಲ್ಲಿದೆ. ಲಾಕ್ಯರ್ ಆ ವರ್ಷ ಭಾರತಕ್ಕೆ ಬಂದೇ ಇರಲಿಲ್ಲ. ಅವನು ಬಂದದ್ದು 1871ರ ಡಿಸೆಂಬರ್ 12ರ ಗ್ರಹಣಕ್ಕೆ, ನಿಂತದ್ದು ಆಗಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ, ಈಗ ಕಾಸರಗೋಡಿಗೆ ಸೇರಿದ ಬೇಕಲದಲ್ಲಿ. ವಿಜಯದುರ್ಗದವರ ಮಾತು ಓದಿ ಮೊದಲು ನಕ್ಕೆ. ಆಮೇಲೆ, ನಾನು ಜಮಖಂಡಿಗೆ ಮಾಡಿದ್ದೂ ಅದನ್ನೇ ಅಲ್ಲವೇ ಎಂದು ನಗೆ ನಿಂತಿತು.

ಹೆಸರೇನೋ ಸಿಕ್ಕಿತು. ಕೋಷ್ಟಕದಲ್ಲಿ ಜಾಗ? ಮೆಂಡಲೀವ್‌ನ ಕೋಷ್ಟಕ ಬಂದದ್ದು ಗ್ರಹಣದ ಮರುವರ್ಷ. ಅಷ್ಟೊಂದು ಖಾಲಿ ಮನೆ ಬಿಟ್ಟವನು ಹೀಲಿಯಂಗೆ ಒಂದೂ ಬಿಡಲಿಲ್ಲ. ಬಿಡುವುದು ಸಾಧ್ಯವೂ ಇರಲಿಲ್ಲ. ವರ್ಣಮಾಲೆಗೆ ಮತ್ತೆ ಬನ್ನಿ. ಒಂದು ಢ ಕಾಣೆಯಾದರೆ ಗೊತ್ತಾಗುತ್ತದೆ. ಆದರೆ ಙ ಞ ಣ ನ ಮ ಐದೂ ಒಟ್ಟಿಗೆ ಯಾರಿಗೂ ಗೊತ್ತಿಲ್ಲದಿದ್ದರೆ? ಪಟ ನಾಲ್ಕೇ ಕಂಬಸಾಲಿನದಾಗಿರುತ್ತದೆ, ಎಲ್ಲೂ ತೂತು ಕಾಣುವುದಿಲ್ಲ. ರಾಜಾನಿಲಗಳು ಹಾಗೆಯೇ ಇಡಿಯ ಕಂಬಸಾಲಾಗಿ ಕಾಣೆಯಾಗಿದ್ದವು. ಯಾವುದರೊಂದಿಗೂ ಕೂಡದ ವಸ್ತುಗಳು ರಸಾಯನಜ್ಞನ ಬಟ್ಟಲಿಗೆ ಬೀಳುವುದಾದರೂ ಹೇಗೆ? ಒಂದೇ ಗೆರೆಯ ಆಧಾರದ ಮೇಲೆ ಧಾತುವೊಂದನ್ನು ಒಪ್ಪಲು ಮೆಂಡಲೀವ್‌ಗೆ ಬಹಳ ಕಾಲ ಮನಸ್ಸಿರಲಿಲ್ಲ.

ಮೊದಲು ಸಿಕ್ಕಿದ್ದು ಆರ್ಗಾನ್. 1894ರಲ್ಲಿ ಲಾರ್ಡ್ ರ‍್ಯಾಲೆ ಮತ್ತು ವಿಲಿಯಂ ರ‍್ಯಾಮ್ಸೆ ಅದನ್ನು ಗಾಳಿಯಿಂದಲೇ ಬೇರ್ಪಡಿಸಿದರು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಇರುವ ಅನಿಲ ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ. ಮೆಂಡಲೀವ್ ಅದನ್ನೂ ಅನುಮಾನಿಸಿ, ಸಾರಜನಕದ ಮೂರು ಪರಮಾಣು ಕೂಡಿದ ರೂಪವಿರಬಹುದು ಎಂದ. ಮರುವರ್ಷ ಮಾರ್ಚಿನಲ್ಲಿ ರ‍್ಯಾಮ್ಸೆ, ಆರ್ಗಾನ್ ಬೇರೆಲ್ಲಾದರೂ ಸಿಗುತ್ತದೆಯೇ ಎಂದು ಹುಡುಕುತ್ತ, ಯುರೇನಿಯಂ ಇರುವ ಕ್ಲೀವೈಟ್ ಎಂಬ ಖನಿಜವನ್ನು ಆಮ್ಲದಲ್ಲಿ ಕಾಯಿಸಿದ. ಹೊರಬಂದ ಅನಿಲವನ್ನು ರೋಹಿತದರ್ಶಕದಲ್ಲಿ ನೋಡಿದಾಗ ಹಳದಿ ಗೆರೆ ಹೊಳೆಯಿತು. ಪಕ್ಕದಲ್ಲೇ ಸೋಡಿಯಂ ಇಟ್ಟು ಹೋಲಿಸಿದ. ಕೂಡಲಿಲ್ಲ, ಹೆಬ್ಬೆರಳಿನ ಅಗಲ ಆಚೆ! ಅಮೆರಿಕದ ಹಿಲ್ಲೆಬ್ರಾಂಡ್ ಇಂಥ ಖನಿಜದಿಂದಲೇ ಈ ಅನಿಲವನ್ನು ಮೊದಲೇ ತೆಗೆದು, ಸಾರಜನಕವೆಂದು ಬರೆದು ಸುಮ್ಮನಾಗಿದ್ದ. ಅವನೂ ಜಮಖಂಡಿಯ ಹರ್ಷಲ್‌ನ ಜಾತಿಗೇ ಸೇರಿದವನು. ಹೀಗೆ ಸೂರ್ಯನಲ್ಲಿ ಕಂಡ ಧಾತು ಇಪ್ಪತ್ತೇಳು ವರ್ಷಗಳ ಮೇಲೆ ಭೂಮಿಯ ಕಲ್ಲಿನಲ್ಲಿ ಸಿಕ್ಕಿತು.

1898ರಲ್ಲಿ ರ‍್ಯಾಮ್ಸೆ ತನ್ನ ಕಿರಿಯ ಸಹೋದ್ಯೋಗಿ ಮಾರಿಸ್ ಟ್ರಾವರ್ಸ್ ಜೊತೆ ದ್ರವರೂಪದ ಗಾಳಿಯಿಂದ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಒಂದರ ಹಿಂದೊಂದು ಹೊರತೆಗೆದ. ಈಗ ಸಾಲು ತುಂಬಿತು. ಒಂಟಿ ಹೀಲಿಯಂಗೆ ಜಾಗ ಕೊಡದಿದ್ದ ಕೋಷ್ಟಕ, ಬಳಗ ಸಮೇತ ಬಂದಾಗ ಪಕ್ಕಕ್ಕೆ ಸರಿದು ಹೊಸ ಕಂಬಸಾಲನ್ನೇ ಕೊಟ್ಟಿತು. ಮೆಂಡಲೀವ್ ಕೂಡ ಒಪ್ಪಿ ಅದನ್ನು ಸೊನ್ನೆಯ ಗುಂಪೆಂದು ಸೇರಿಸಿಕೊಂಡ. ಅವನ ಕೋಷ್ಟಕ ಕೆಡಲಿಲ್ಲ, ಇನ್ನೂ ಗಟ್ಟಿಯಾಯಿತು. ಇಂದು ಅದು 18ನೆಯ ಗುಂಪು. ಒಂದು ತೊಡಕು ಮಾತ್ರ ಉಳಿದಿತ್ತು. ಆರ್ಗಾನ್ ಪೊಟ್ಯಾಸಿಯಂಗಿಂತ ತೂಕ, ಆದರೂ ಮೊದಲು ನಿಲ್ಲಬೇಕು. ಸಾಲು ಹಚ್ಚಬೇಕಾದದ್ದು ತೂಕದಿಂದಲ್ಲ, ಪರಮಾಣು ಸಂಖ್ಯೆಯಿಂದ ಎಂದು 1913ರಲ್ಲಿ ಮೋಸ್ಲೆ ತೋರಿಸಿದ ಮೇಲೆ ಅದೂ ಬಗೆಹರಿಯಿತು. ಆ ಹುಡುಗ ಎರಡೇ ವರ್ಷದಲ್ಲಿ ಗೆಲ್ಲಿಪೊಲಿ ಯುದ್ಧದಲ್ಲಿ ಸತ್ತ, ಇಪ್ಪತ್ತೇಳನೆಯ ವಯಸ್ಸಿಗೆ.

ಇಷ್ಟು ಓದಿದಾಗ ನನಗೆ ಕಥೆ ಲಂಡನ್ನಿನಲ್ಲೇ ಮುಗಿಯಿತು ಅನಿಸಿತ್ತು. ಮುಗಿದಿರಲಿಲ್ಲ. ಜಮ್‌ಶೇಟ್‌ಜಿ ಟಾಟಾ ಭಾರತದಲ್ಲಿ ವಿಜ್ಞಾನದ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಬೇಕೆಂದಿದ್ದಾಗ, ಎಲ್ಲಿ ಕಟ್ಟಬೇಕೆಂದು ಸಲಹೆ ಕೇಳಲು ಕರೆಸಿದ್ದು ಇದೇ ರ‍್ಯಾಮ್ಸೆಯನ್ನು. 1900ರ ಚಳಿಗಾಲದಲ್ಲಿ ಅವನು ದೇಶ ಸುತ್ತಿ ಬೆಂಗಳೂರು ಆದೀತು ಎಂದ. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಜನ ಕರೆಯುವ ಟಾಟಾ ಇನ್‌ಸ್ಟಿಟ್ಯೂಟ್, ಸ್ಥಾಪನೆಯಾಯಿತು. ಅದರ ಮೊದಲ ನಿರ್ದೇಶಕನಾಗಿ ಬಂದು 1914ರವರೆಗೆ ಇದ್ದವನು ಮಾರಿಸ್ ಟ್ರಾವರ್ಸ್. ಕೋಷ್ಟಕದ ಕೊನೆಯ ಸಾಲಿನ ಮೂರು ಧಾತುಗಳನ್ನು ತನ್ನ ಕೈಯಾರೆ ಹೊರತೆಗೆದವನು. ನಾನು ಬೆಂಗಳೂರಿನಲ್ಲಿದ್ದ ವರ್ಷಗಳಲ್ಲಿ ಆ ಸಂಸ್ಥೆಯ ಗೇಟಿನ ಮುಂದೆ ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ.

ಆ ಹುಡುಗಿ ಈಗ ಪಿಯುಸಿಯಲ್ಲಿರಬೇಕು. ಈ ಸಂಚಿಕೆ ಅವಳ ಕೈಗೆ ಸಿಗಲಿ ಎಂದು ಒಂದು ಪ್ರತಿಯನ್ನು ಶಾಲೆಯಲ್ಲಿ ತೆಗೆದಿಡಲು ಹೇಳಿದ್ದೇನೆ. ನಮ್ಮ ಬ್ಯಾಚಿನವರು ಕೂಡಿ ಪ್ರಯೋಗಾಲಯಕ್ಕೆ ಹೊಸ ಆವರ್ತ ಕೋಷ್ಟಕವೊಂದನ್ನು ಕೊಟ್ಟಿದ್ದೇವೆ, 118 ಧಾತುಗಳೂ ಇವೆ. ಕಪಾಟು ಇದ್ದಲ್ಲೇ ಇದೆ, ಬಹಳ ಭಾರ. ಅದಕ್ಕಾಗಿ ಪಟವನ್ನು ಎದುರಿನ ಗೋಡೆಗೆ, ಕಿಟಕಿಯ ಪಕ್ಕ ಹಾಕಿಸಿದ್ದೇವೆ.